ರಣಭೂಮಿಯಲ್ಲಿ ಲೋಹಶೋಧಕ: ಗುಂಡು ಸಿಕ್ಕಿತು, ಸಿಕ್ಕ ಜಾಗ ಕಳೆಯಿತು

ಹೊಲದಂಚು (ಲೆಸ್ಟರ್‌ಶೈರ್, ಇಂಗ್ಲೆಂಡ್)

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯ ಜಿಲ್ಲೆಯವನು, ಒಂಬತ್ತು ವರ್ಷಗಳಿಂದ ಇಲ್ಲಿ ನೆಲೆಸಿದ್ದೇನೆ. ಎರಡು ವರ್ಷಗಳ ಹಿಂದೆ ಒಂದು ಮೆಟಲ್ ಡಿಟೆಕ್ಟರ್ ಕೊಂಡೆ. ಕೊಯ್ಲು ಮುಗಿದು ಮುಂದಿನ ಬಿತ್ತನೆಯಾಗುವವರೆಗೆ ತಮ್ಮ ಹೊಲದಲ್ಲಿ ಓಡಾಡಬಹುದೆಂದು ಪರಿಚಯದ ರೈತರೊಬ್ಬರು ಬರವಣಿಗೆಯಲ್ಲೇ ಅನುಮತಿ ಕೊಟ್ಟರು. ವಾರಾಂತ್ಯದ ಬೆಳಗಿನ ಹೊತ್ತು ಅಲ್ಲಿ ನಡೆಯುತ್ತ ಬಂದ ನನಗೆ ಇದುವರೆಗೆ ಹನ್ನೊಂದು ಸೀಸದ ಗುಂಡುಗಳು ಸಿಕ್ಕಿವೆ. ಕೆಲವು ಪೂರ್ತಿ ದುಂಡಗಿವೆ, ಮೂರು ಚಪ್ಪಟೆಯಾಗಿವೆ, ಎಲ್ಲದರ ಮೇಲೂ ಬೂದುಬಿಳಿಯ ಪೊರೆ ಕಟ್ಟಿದೆ. ಸಿಕ್ಕಿದ್ದನ್ನೆಲ್ಲ ತಂದು ಒಂದೇ ಬಿಸ್ಕತ್ತಿನ ಡಬ್ಬಿಗೆ ಹಾಕುತ್ತ ಹೋದೆ.

ಕಳೆದ ತಿಂಗಳು ಬಾಸ್ವರ್ತ್ ಯುದ್ಧಭೂಮಿಯ ಪಾರಂಪರಿಕ ಕೇಂದ್ರಕ್ಕೆ ಹೋಗಿದ್ದೆ. ಅಲ್ಲಿ ನೆಲದಿಂದ ಎತ್ತಿದ ಗುಂಡುಗಳನ್ನು ನೋಡುತ್ತ, ಅವು ಸಿಕ್ಕ ಜಾಗಗಳ ವಿವರ ಓದುತ್ತ ನಿಂತಾಗ ನನ್ನ ಡಬ್ಬಿಯ ನೆನಪಾಗಿ ಎದೆ ಭಾರವಾಯಿತು. ಯಾವ ಗುಂಡು ಹೊಲದ ಯಾವ ಮೂಲೆಯಲ್ಲಿ ಸಿಕ್ಕಿತೆಂದು ನಾನು ಒಂದಕ್ಕೂ ಬರೆದಿಟ್ಟಿಲ್ಲ. ಈಗ ಏನನ್ನಾದರೂ ಉಳಿಸಿಕೊಳ್ಳಲು ಸಾಧ್ಯವೇ? ಇನ್ನೊಂದು ಪ್ರಶ್ನೆಯೂ ಇದೆ. ಇಷ್ಟೊಂದು ಕಾಳಗಗಳನ್ನು ಕಂಡ ನಮ್ಮ ನಾಡಿನ ನೆಲದಲ್ಲಿ ಇಂಥ ಶೋಧ ನಡೆದಿದೆಯೇ, ನಡೆಯಬೇಕೇ? ತಿಳಿದವರು ದಯವಿಟ್ಟು ಹೇಳಿ.

ಕೆಂಪುಮಣ್ಣು (ಬೆಂಗಳೂರು)

ಪುರಾತತ್ವವನ್ನು ಓದಿದವಳಾಗಿ ಉತ್ತರಿಸುತ್ತಿದ್ದೇನೆ. ನೀವು ಕೇಳಿದ ರೀತಿಯಲ್ಲೇ ಅರ್ಧ ಉತ್ತರವಿದೆ, ಏಕೆಂದರೆ ನಿಮಗೆ ಕಳೆದದ್ದೇನೆಂದು ಈಗಾಗಲೇ ಗೊತ್ತಾಗಿದೆ. ಆದರೂ ನೀವು ನೋಡಿ ಬಂದ ಬಾಸ್ವರ್ತ್‌ನ ಕತೆಯನ್ನು ಇಲ್ಲಿ ವಿವರವಾಗಿ ಹೇಳಬೇಕೆನಿಸುತ್ತದೆ, ಏಕೆಂದರೆ ಜಾಗ ಬರೆದಿಡುವುದರ ಬೆಲೆಯನ್ನು ಅಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಉದಾಹರಣೆ ನನಗೆ ತಿಳಿದಿಲ್ಲ.

1485ರ ಆಗಸ್ಟ್ 22ರಂದು ಇಂಗ್ಲೆಂಡಿನ ರಾಜ ಮೂರನೆಯ ರಿಚರ್ಡ್ ಅಲ್ಲಿ ಮಡಿದ, ಹೆನ್ರಿ ಟ್ಯೂಡರ್ ಗೆದ್ದು ರಾಜನಾದ. ಇಷ್ಟು ದೊಡ್ಡ ಯುದ್ಧ ನಡೆದ ನೆಲ ಯಾವುದೆಂಬುದು ಕಾಲಾಂತರದಲ್ಲಿ ಮರೆತೇಹೋಯಿತು. ಆಂಬಿಯನ್ ಗುಡ್ಡವೇ ಆ ಜಾಗವೆಂಬ ನಂಬಿಕೆ ಬೆಳೆಯಿತು, 1974ರಲ್ಲಿ ಕೌಂಟಿ ಆಡಳಿತ ಅಲ್ಲೇ ಕೇಂದ್ರವನ್ನೂ ತೆರೆಯಿತು. ವಿದ್ವಾಂಸರಲ್ಲಿ ಮಾತ್ರ ಒಮ್ಮತವಿರಲಿಲ್ಲ. 2005ರಲ್ಲಿ ಗ್ಲೆನ್ ಫೋರ್ಡ್ ಅವರ ನೇತೃತ್ವದಲ್ಲಿ ಹೊಸ ಸಮೀಕ್ಷೆ ಶುರುವಾಯಿತು. ಅವರು ಮೊದಲು ಹಳೆಯ ಭೂದಾಖಲೆಗಳನ್ನೂ ಊರಹೆಸರುಗಳನ್ನೂ ಮಣ್ಣಿನ ಸ್ವರೂಪವನ್ನೂ ಪರಿಶೀಲಿಸಿದರು. ರಾಜ ಸತ್ತದ್ದು ಜೌಗಿನ ಬಳಿಯೆಂದು ಹಳೆಯ ಬರಹಗಳು ಹೇಳುವುದರಿಂದ, 15ನೆಯ ಶತಮಾನದಲ್ಲಿ ಎಲ್ಲೆಲ್ಲಿ ಜೌಗು ಉಳಿದಿತ್ತೆಂದು ತಿಳಿಯಲು ಮಣ್ಣಿನ ಪದರಗಳ ಕಾಲವನ್ನು ರೇಡಿಯೊಕಾರ್ಬನ್ ವಿಧಾನದಿಂದ ಅಳೆಯಿಸಿದರು. ಇದರ ಜೊತೆಗೆ ತಂಡದವರು ಲೋಹಶೋಧಕ ಹಿಡಿದು ಹೊಲಗಳಲ್ಲಿ ಸಾಲುಸಾಲಾಗಿ ನಡೆದರು. ವರ್ಷಗಳೇ ಕಳೆದರೂ ಯುದ್ಧದ ಸುಳಿವು ಸಿಗಲಿಲ್ಲ. ಮೊದಲ ಸೀಸದ ಗುಂಡು ಕೈಗೆ ಬಂದದ್ದು 2009ರಲ್ಲಿ, ಅದೂ ಆಂಬಿಯನ್ ಗುಡ್ಡದಿಂದ ನೈಋತ್ಯಕ್ಕೆ ಸುಮಾರು ಮೂರು ಕಿಲೋಮೀಟರ್ ದೂರದಲ್ಲಿ, ಹಳೆಯ ರೋಮನ್ ರಸ್ತೆಯ ಆಸುಪಾಸಿನ ಹೊಲದಲ್ಲಿ. ಆಮೇಲೆ ಒಂದೊಂದಾಗಿ ಸಿಕ್ಕವು ಮೂವತ್ತನ್ನು ಮೀರಿದವು. ಮಧ್ಯಯುಗದ ಯಾವ ಯುರೋಪಿಯನ್ ರಣಭೂಮಿಯಲ್ಲೂ ಫಿರಂಗಿ ಮತ್ತು ಕೈಕೋವಿಯ ಗುಂಡುಗಳು ಅಷ್ಟು ಸಂಖ್ಯೆಯಲ್ಲಿ ಸಿಕ್ಕಿರಲಿಲ್ಲ.

ಅವೆಲ್ಲಕ್ಕಿಂತ ಮನಸ್ಸನ್ನು ಹಿಡಿದು ನಿಲ್ಲಿಸುವುದು, ಬೆಳ್ಳಿಗೆ ಚಿನ್ನದ ಲೇಪವಿರುವ ಒಂದು ಪುಟ್ಟ ಹಂದಿಯ ಲಾಂಛನ. ಬಿಳಿ ಕಾಡುಹಂದಿ ರಿಚರ್ಡನ ಗುರುತು. ಬೆಳ್ಳಿಯಲ್ಲಿ ಮಾಡಿಸಿದ ಅಂಥ ಬಿಲ್ಲೆಯನ್ನು ರಾಜನಿಗೆ ಹತ್ತಿರವಿದ್ದ ಯೋಧನೇ ತೊಟ್ಟಿರಬೇಕು. ಅದು ಸಿಕ್ಕಿದ್ದು ಫೆನ್ ಹೋಲ್ ಎಂಬ, ಮಧ್ಯಯುಗದಲ್ಲಿ ಜೌಗಾಗಿದ್ದ ತಗ್ಗಿನ ಅಂಚಿನಲ್ಲಿ. ಈ ಬಿಲ್ಲೆಯನ್ನೇ ಯಾರಾದರೂ ಜಾಗ ಹೇಳದೆ ಹರಾಜಿಗೆ ತಂದಿದ್ದರೆ ಅದೊಂದು ಅಂದದ ಒಡವೆಯಾಗಿ ಯಾರದೋ ಕಪಾಟು ಸೇರುತ್ತಿತ್ತು. ಜೌಗಿನ ಅಂಚಿನಲ್ಲಿ ಸಿಕ್ಕಿತೆಂದು ಬರೆದಿಟ್ಟದ್ದರಿಂದ, ಒಬ್ಬ ರಾಜ ಬಿದ್ದ ನೆಲದ ಹತ್ತಿರಕ್ಕೆ ಅದು ನಮ್ಮನ್ನು ಕರೆದೊಯ್ಯಿತು.

ತಕ್ಕಡಿ (ಮೈಸೂರು)

ಮೂಲ ಪ್ರಶ್ನೆ ಕೇಳಿದವರಿಗೆ ತಕ್ಷಣದ ಒಂದು ಮಾತು: ಗುಂಡುಗಳ ಮೇಲಿನ ಬಿಳಿಪೊರೆಯನ್ನು ಉಜ್ಜಿ ತೆಗೆಯಬೇಡಿ. ಅದು ಸೀಸದ ಕಾರ್ಬೊನೇಟು, ಒಳಗಿನ ಲೋಹವನ್ನು ಕಾಯುತ್ತಿರುವ ಪದರ. ಅದರ ಕೆಳಗೆ ಅಚ್ಚಿನ ಗೆರೆ, ನಳಿಗೆಯೊಳಗೆ ತಿಕ್ಕಿದ ಗುರುತು, ಬಡಿದ ವಸ್ತುವಿನ ನೇಯ್ಗೆ ಉಳಿದಿರಬಹುದು. ಸೀಸದ ಪುಡಿ ವಿಷವಾದ್ದರಿಂದ ಮುಟ್ಟಿದ ಮೇಲೆ ಕೈ ತೊಳೆಯಬೇಕು, ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಬಿಸ್ಕತ್ತಿನ ಡಬ್ಬಿಯಲ್ಲಿ ಒಂದಕ್ಕೊಂದು ತಾಗಿ ಗೀರಾಗದಂತೆ ಈಗಲೇ ಬೇರೆಬೇರೆ ಚೀಲಗಳಿಗೆ ಹಾಕಿ, ಪ್ರತಿಯೊಂದಕ್ಕೂ ಸಂಖ್ಯೆ ಕೊಡಿ.

ಆಮೇಲೆ ತೂಕ ಮಾಡಿ. ಚಪ್ಪಟೆಯಾದ ಗುಂಡಿನ ಅಳತೆ ಹೋಗಿರುತ್ತದೆ, ತೂಕ ಹೆಚ್ಚುಕಡಿಮೆ ಉಳಿದಿರುತ್ತದೆ. ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ 11.34 ಗ್ರಾಂ ಎಂದು ಹಿಡಿದರೆ, 32 ಗ್ರಾಂ ತೂಗುವ ಗುಂಡಿನ ಮೂಲ ವ್ಯಾಸ ಸುಮಾರು 17.5 ಮಿಲಿಮೀಟರ್, 20 ಗ್ರಾಂ ತೂಗುವುದರದು ಸುಮಾರು 15 ಮಿಲಿಮೀಟರ್ ಆಗುತ್ತದೆ. ಮೊದಲನೆಯದು ಕಾಲಾಳಿನ ಮಸ್ಕೆಟಿಗೆ ಹೊಂದುತ್ತದೆ, ಎರಡನೆಯದು ಕುದುರೆಯಾಳು ಹಿಡಿಯುತ್ತಿದ್ದಂಥ, ಅದಕ್ಕಿಂತ ಸಣ್ಣ ನಳಿಗೆಯದು. ಹೊಲದ ಒಂದು ಬದಿಯಲ್ಲಿ ದೊಡ್ಡವೂ ಇನ್ನೊಂದು ಬದಿಯಲ್ಲಿ ಚಿಕ್ಕವೂ ಗುಂಪಾಗಿ ಸಿಕ್ಕಿದ್ದರೆ ಕಾಲಾಳು ಎಲ್ಲಿದ್ದ, ಕುದುರೆಯಾಳು ಎಲ್ಲಿದ್ದ ಎಂದು ಊಹಿಸಲು ದಾರಿಯಾಗುತ್ತಿತ್ತು. ನಿಮ್ಮ ಕೌಂಟಿಯಲ್ಲಿ 1645ರ ಮೇ ಕೊನೆಯಲ್ಲಿ, ಇಂಗ್ಲೆಂಡಿನ ಅಂತರ್ಯುದ್ಧದ ಕಾಲದಲ್ಲಿ, ರಾಜಪಕ್ಷದವರು ಲೆಸ್ಟರ್ ನಗರಕ್ಕೆ ಮುತ್ತಿಗೆ ಹಾಕಿ ಒಳನುಗ್ಗಿದರು, ಜೂನ್ 14ರಂದು ನೆರೆಯ ಕೌಂಟಿಯ ನೇಸ್ಬಿಯಲ್ಲಿ ಸೋತರು. ಹಾಗೆಂದು ಹನ್ನೊಂದು ಗುಂಡು ಸಿಕ್ಕ ಮಾತ್ರಕ್ಕೆ ಅಲ್ಲಿ ಕಾಳಗ ನಡೆಯಿತೆನ್ನಲಾಗದು. ಬೇಟೆಗಾರನದೂ ಇರಬಹುದು, ಗುರಿ ಅಭ್ಯಾಸದ್ದೂ ಇರಬಹುದು. ಅದನ್ನು ತೀರ್ಮಾನಿಸಲು ಬೇಕಾದದ್ದೇ ಅವು ಹರಡಿಕೊಂಡಿದ್ದ ರೀತಿ.

ಹುಲ್ಲುಗಾವಲು (ಡೆನ್ವರ್, ಅಮೆರಿಕ)

ಹರಡಿಕೊಂಡ ರೀತಿಯ ಮಾತು ಬಂದದ್ದರಿಂದ ನಾನೂ ಒಂದು ಪ್ರಸಂಗ ಸೇರಿಸುತ್ತೇನೆ. ಮೊಂಟಾನಾದ ಲಿಟಲ್ ಬಿಗ್‌ಹಾರ್ನ್ ರಣಭೂಮಿಯಲ್ಲಿ ಒಂದು ಇಡೀ ದಿನ ಕಳೆದಿದ್ದೇನೆ. 1876ರ ಜೂನ್ 25ರಂದು ಅಮೆರಿಕದ ಸೇನಾಧಿಕಾರಿ ಜಾರ್ಜ್ ಕಸ್ಟರ್ ಮತ್ತು ಅವನೊಡನಿದ್ದ ಸುಮಾರು 210 ಮಂದಿ ಅಲ್ಲಿ ಒಬ್ಬರೂ ಉಳಿಯದಂತೆ ಸತ್ತರು. ಆ ಪಕ್ಷದಿಂದ ಹೇಳಲು ಯಾರೂ ಇಲ್ಲದ್ದರಿಂದ, ಗುಡ್ಡದ ಮೇಲೆ ಕೊನೆಯ ಉಸಿರಿನವರೆಗೆ ಶಿಸ್ತಿನಿಂದ ಸುತ್ತುಗಟ್ಟಿ ಹೋರಾಡಿದರೆಂಬ ಚಿತ್ರ ನೂರು ವರ್ಷ ಜನರ ಮನಸ್ಸಿನಲ್ಲಿತ್ತು. ಗೆದ್ದ ಲಕೋಟ ಮತ್ತು ಶೆಯೆನ್ ಮೂಲನಿವಾಸಿ ಜನರ ಹಿರಿಯರು ಹೇಳಿದ ಮಾತುಗಳನ್ನು ಪರಸ್ಪರ ಹೊಂದುವುದಿಲ್ಲವೆಂದು ಬದಿಗಿಟ್ಟವರೇ ಹೆಚ್ಚು.

1983ರ ಆಗಸ್ಟಿನಲ್ಲಿ ಕಾಳ್ಗಿಚ್ಚು ಹುಲ್ಲನ್ನೆಲ್ಲ ಸುಟ್ಟು ನೆಲವನ್ನು ಬರಿದು ಮಾಡಿತು. 1984 ಮತ್ತು 1985ರಲ್ಲಿ ಡಗ್ಲಸ್ ಸ್ಕಾಟ್ ಮತ್ತು ರಿಚರ್ಡ್ ಫಾಕ್ಸ್ ಅವರ ತಂಡ ಅಲ್ಲಿ ಕೆಲಸ ಮಾಡಿತು. ಲೋಹಶೋಧಕ ಹಿಡಿದ ಸ್ವಯಂಸೇವಕರು ಒಂದೇ ಸಾಲಿನಲ್ಲಿ ನಡೆದು, ಸದ್ದು ಬಂದಲ್ಲಿ ಪುಟ್ಟ ಬಾವುಟ ನೆಟ್ಟು ಮುಂದೆ ಸಾಗುತ್ತಿದ್ದರು. ಹಿಂದೆ ಬರುವವರು ಅದನ್ನು ಅಲುಗಾಡಿಸದೆ ಮಣ್ಣು ಸರಿಸಿ ತೋರುವಂತೆ ಮಾಡುತ್ತಿದ್ದರು. ಅವರ ಹಿಂದಿನವರು ಜಾಗ, ಆಳ, ಮಲಗಿರುವ ದಿಕ್ಕು ಎಲ್ಲವನ್ನೂ ಅಳೆದು ಬರೆದ ಮೇಲೆಯೇ ವಸ್ತುವನ್ನು ಎತ್ತುತ್ತಿದ್ದರು. ಕಂಡವನೇ ಎತ್ತದಿರುವ ಆ ಸಂಯಮವನ್ನು ನೆನೆದಾಗಲೆಲ್ಲ ನನಗೆ ಗೌರವ ಮೂಡುತ್ತದೆ.

ಅದರಿಂದ ತಿಳಿದದ್ದು ಬೆರಗಿನದು. ಬಂದೂಕಿನ ಸೂಜಿ ತೋಟಾದ ಬುಡಕ್ಕೆ ಬಡಿದಾಗ ಬೀಳುವ ಗುರುತು ಬೆರಳಚ್ಚಿನಂತೆ ಆಯಾ ಬಂದೂಕಿಗೇ ಸೇರಿದ್ದು. ಒಂದೇ ಗುರುತಿನ ಖಾಲಿ ತೋಟಾಗಳು ಬೇರೆಬೇರೆ ಕಡೆ ಸಿಕ್ಕಾಗ, ಹೆಸರು ತಿಳಿಯದ ಒಬ್ಬ ಯೋಧ ಆ ಬಂದೂಕನ್ನು ಹಿಡಿದು ಎಲ್ಲಿಂದ ಎಲ್ಲಿಗೆ ಓಡಿದನೆಂದು ನಕ್ಷೆಯ ಮೇಲೆ ಗೆರೆ ಎಳೆಯಬಹುದಾಯಿತು. ಸೈನಿಕರ ಬಳಿ ಒಮ್ಮೆಗೆ ಒಂದೇ ತೋಟಾ ತುಂಬುವ 1873ರ ಮಾದರಿಯ ಸ್ಪ್ರಿಂಗ್‌ಫೀಲ್ಡ್ ಕಾರ್ಬೈನ್‌ಗಳಿದ್ದರೆ, ಎದುರಾಳಿಗಳಲ್ಲಿ ಹಲವರ ಕೈಯಲ್ಲಿ ಒಂದರ ಹಿಂದೊಂದು ಹಾರಿಸಬಲ್ಲ ಹೆನ್ರಿ ಮತ್ತು ವಿಂಚೆಸ್ಟರ್‌ಗಳಿದ್ದವು. ತೋಟಾಗಳ ಹರಡಿಕೆಯನ್ನು ಓದಿದ ಫಾಕ್ಸ್ ಅವರು, ಸೈನ್ಯದ ಕಟ್ಟು ಬೇಗನೆ ಒಡೆದು ಜನ ಚದುರಿದರು, ಹಾಡಿ ಹೊಗಳಿದಂಥ ಕೊನೆಯ ನಿಲುವು ಅಲ್ಲಿರಲಿಲ್ಲ ಎಂದು ವಾದಿಸಿದರು. ಶೆಯೆನ್ ಮತ್ತು ಲಕೋಟ ಹಿರಿಯರ ಮಾತುಗಳಿಗೆ ನೆಲವೇ ಸಾಕ್ಷಿ ನುಡಿಯಿತು. ಆ ತೋಟಾಗಳನ್ನು ಪ್ರವಾಸಿಗರು ಒಂದೊಂದಾಗಿ ಜೇಬಿಗಿಳಿಸಿದ್ದರೆ ಈ ಸಾಕ್ಷಿಯೂ ಅವರ ಜೊತೆಗೇ ಹೋಗಿಬಿಡುತ್ತಿತ್ತು.

ನಗರದ ಮೇಷ್ಟ್ರು (ಹೊಸನಗರ ತಾಲ್ಲೂಕು)

ಎಲ್ಲರ ಬರಹವನ್ನೂ ಆಸಕ್ತಿಯಿಂದ ಓದಿದೆ. ನಮ್ಮ ನಾಡಿನ ವಿಚಾರವಾಗಿ ನನ್ನ ಅಭಿಪ್ರಾಯ ಸ್ವಲ್ಪ ಕಠಿಣವಾಗಿದೆ, ಅದಕ್ಕೆ ಕಾರಣವನ್ನೂ ಹೇಳುತ್ತೇನೆ.

ನಮ್ಮ ನಗರ, ಅಂದರೆ ಹಳೆಯ ಬಿದನೂರು, ಕೆಳದಿ ಅರಸರ ರಾಜಧಾನಿಯಾಗಿತ್ತು. 1763ರಲ್ಲಿ ಹೈದರಾಲಿ ಅದನ್ನು ಗೆದ್ದು ಹೈದರ್‌ನಗರವೆಂದು ಕರೆದ. ಇಲ್ಲಿಯ ಒಂದು ಪಾಳುಬಾವಿಯ ಹೂಳಿನಲ್ಲಿ 2002ರ ಹೊತ್ತಿಗೆ ಸುಮಾರು 160 ಕಬ್ಬಿಣದ ಕೊಳವೆಗಳು ಸಿಕ್ಕವು. ಅವು ಮೈಸೂರಿನ ರಾಕೆಟ್ಟುಗಳೆಂದು ಗುರುತಾದದ್ದು ಕೆಲವು ವರ್ಷ ಕಳೆದ ಮೇಲೆ. ಬಾವಿಯ ಮಣ್ಣಿಗೆ ಮದ್ದಿನ ವಾಸನೆ ಇದ್ದುದನ್ನು ಗಮನಿಸಿ ರಾಜ್ಯ ಪುರಾತತ್ವ ಇಲಾಖೆಯವರು 2018ರ ಜುಲೈನಲ್ಲಿ ಅಲ್ಲೇ ಉತ್ಖನನ ಮಾಡಿದಾಗ ಇನ್ನೂ ಸಾವಿರಕ್ಕೂ ಹೆಚ್ಚು ಹೊರಬಂದವು. ಒಂದೊಂದೂ ಸುಮಾರು 23ರಿಂದ 26 ಸೆಂಟಿಮೀಟರ್ ಉದ್ದ. ಇದು ಕಾಳಗದ ಬಯಲಲ್ಲ, ಯುದ್ಧಕ್ಕೆಂದು ಕೂಡಿಟ್ಟ ದಾಸ್ತಾನು. ಒಂದೇ ಬಾವಿಯಲ್ಲಿ ಇಷ್ಟೊಂದು ರಾಕೆಟ್ಟುಗಳು ಒಟ್ಟಿಗೆ ಇದ್ದವೆಂಬ ಸಂಗತಿಯೇ ಇಲ್ಲಿ ಇತಿಹಾಸ. 1799ರ ನಂತರ ಬ್ರಿಟಿಷರು ಶ್ರೀರಂಗಪಟ್ಟಣದಿಂದ ಒಯ್ದ ರಾಕೆಟ್ಟುಗಳನ್ನು ನೋಡಿಯೇ ಬ್ರಿಟನ್ನಿನ ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ಟುಗಳನ್ನು ರೂಪಿಸಿದ. ಅಂಥ ವಸ್ತುಗಳು ಹಳೇ ಕಬ್ಬಿಣದ ಅಂಗಡಿಗೆ ಹೋಗದೆ ಶಿವಮೊಗ್ಗದ ಮ್ಯೂಸಿಯಂ ಸೇರಿದ್ದು ನಮ್ಮ ಪುಣ್ಯ.

ನನ್ನ ಆತಂಕ ಬೇರೆ. ನಮ್ಮಲ್ಲಿ ಭೂಮಿಯೊಳಗಿನ ಲೋಹವೆಂದರೆ ಜನರಿಗೆ ನೆನಪಾಗುವುದು ನಿಧಿ. ಮಲೆನಾಡಿನ ಕಾಡಿನೊಳಗಿನ ಗುಡಿಗಳ ಗರ್ಭಗೃಹವನ್ನು ಅಗೆದು, ಲಿಂಗವನ್ನು ಕಿತ್ತು, ವೀರಗಲ್ಲುಗಳನ್ನು ಉರುಳಿಸಿ ಹೋದ ನಿಧಿಗಳ್ಳರ ಕೆಲಸವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮಕ್ಕಳನ್ನು ಕರೆದುಕೊಂಡು ಹೋಗಿ ಪಾಠ ಹೇಳುತ್ತಿದ್ದ ಒಂದು ತುರುಗೋಳಿನ ವೀರಗಲ್ಲು ಮುಂದಿನ ವರ್ಷ ಎರಡು ತುಂಡಾಗಿ ಹಳ್ಳದಲ್ಲಿ ಬಿದ್ದಿತ್ತು. ವೀರಗಲ್ಲೆಂದರೆ ನಮ್ಮ ರಣಭೂಮಿಯ ಫಲಕವಲ್ಲವೇ? ಸುಮಾರು 890ರ ಬೇಗೂರಿನ ವೀರಗಲ್ಲು ಇಲ್ಲದಿದ್ದರೆ 'ಬೆಂಗಳೂರ ಕಾಳಗ' ಎಂಬುದೊಂದು ನಡೆಯಿತೆಂದೇ ನಮಗೆ ತಿಳಿಯುತ್ತಿರಲಿಲ್ಲ. ಈ ಪರಿಸ್ಥಿತಿಯಲ್ಲಿ ಲೋಹಶೋಧಕ ಹಿಡಿದು ಓಡಾಡುವುದನ್ನು ಹವ್ಯಾಸವೆಂದು ನಮ್ಮಲ್ಲಿ ಪ್ರೋತ್ಸಾಹಿಸಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ಬದುವಿನಾಚೆ (ಪಾಂಡವಪುರ)

ಮೇಷ್ಟ್ರ ಮಾತನ್ನು ಒಪ್ಪುತ್ತೇನೆ, ಆದರೂ ಒಂದು ಸಂದೇಹವಿದೆ. 1771ರಲ್ಲಿ ಮರಾಠರ ಸೈನ್ಯ ಹೈದರಾಲಿಯನ್ನು ಸೋಲಿಸಿದ ಚಿನಕುರಳಿ ನಮ್ಮ ತಾಲ್ಲೂಕಿನಲ್ಲೇ ಇದೆ. ನಮ್ಮ ಹೊಲ ನಮ್ಮದೇ. ಅಲ್ಲಿ ನಾನು ಹುಡುಕಿದರೆ ತಪ್ಪೇನು? ಟ್ರ್ಯಾಕ್ಟರ್ ನೇಗಿಲು ವರ್ಷಕ್ಕೆರಡು ಬಾರಿ ನೆಲವನ್ನು ಮಗುಚುತ್ತಿದೆ. ಅದರಡಿಯಲ್ಲಿ ಏನಾದರೂ ಇದ್ದರೆ ನಾನು ಸುಮ್ಮನಿರುವುದರಿಂದ ಅದು ಉಳಿದೀತೇ?

ಕೆಂಪುಮಣ್ಣು (ಬೆಂಗಳೂರು)

ನಿಮ್ಮ ಪ್ರಶ್ನೆ ನ್ಯಾಯವಾದದ್ದು. ಉಳುಮೆಯ ಪದರದಲ್ಲಿರುವ ವಸ್ತು ಸುರಕ್ಷಿತವಾಗಿದೆಯೆಂದು ಯಾರೂ ಹೇಳಲಾರರು. ನೇಗಿಲು ಅದನ್ನು ಕದಲಿಸುತ್ತದೆ, ರಾಸಾಯನಿಕ ಗೊಬ್ಬರದ ಲವಣ ಕಬ್ಬಿಣವನ್ನು ಬೇಗ ತಿನ್ನುತ್ತದೆ. ಆದರೆ ಹೊಲ ನಿಮ್ಮದಾದರೂ ಅದರೊಳಗೆ ಹೂತ ಹಳೆಯ ವಸ್ತು ನಿಮ್ಮ ಇಷ್ಟಕ್ಕೆ ಬಿಟ್ಟದ್ದಲ್ಲ. 1878ರ ಭಾರತೀಯ ನಿಧಿ ಕಾಯ್ದೆಯ ಕಾಲದಿಂದಲೂ ನೆಲದಲ್ಲಿ ಹೂತದ್ದು ಸಿಕ್ಕರೆ ಜಿಲ್ಲೆಯ ಆಡಳಿತಕ್ಕೆ ತಿಳಿಸಬೇಕೆಂಬ ನಿಯಮವಿದೆ. ಆ ಕಾಯ್ದೆ ಇಟ್ಟ ಮಿತಿ ಕೇವಲ ಹತ್ತು ರೂಪಾಯಿ. ಕರ್ನಾಟಕಕ್ಕೆ 1962ರ ತನ್ನದೇ ನಿಧಿ ಕಾಯ್ದೆ ಇದೆ. ನೂರು ವರ್ಷ ದಾಟಿದ ವಸ್ತುಗಳು 1972ರ ಪುರಾತನ ವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಸಂರಕ್ಷಿತ ಸ್ಮಾರಕದ ಪ್ರದೇಶದಲ್ಲಂತೂ ಅನುಮತಿಯಿಲ್ಲದೆ ಅಗೆಯುವುದೇ ಅಪರಾಧ. ಆದ್ದರಿಂದ ಉಳುವಾಗ ಏನಾದರೂ ತಾನಾಗಿ ಮೇಲೆ ಬಂದರೆ ಜಾಗದ ಫೋಟೊ ತೆಗೆದು, ಬದುವಿನಿಂದ ಎಷ್ಟು ಹೆಜ್ಜೆ ಎಂದು ಬರೆದು, ತಹಶೀಲ್ದಾರರಿಗೆ ಅಥವಾ ಪುರಾತತ್ವ ಇಲಾಖೆಗೆ ತಿಳಿಸಿ. ಹುಡುಕಿಕೊಂಡು ಅಗೆಯಲು ಹೋಗಬೇಡಿ. ಕೊಳವೆಯಂಥ ಅಥವಾ ಟೊಳ್ಳಾದ ಕಬ್ಬಿಣದ ಗುಂಡಿನಂಥ ವಸ್ತುವಾದರೆ ಕೈಯಿಂದಲೂ ಮುಟ್ಟಬೇಡಿ. ಒಳಗೆ ಮದ್ದು ಉಳಿದಿರುವ ಸಾಧ್ಯತೆ ಇದ್ದೇ ಇರುತ್ತದೆ.

ತಾಂತ್ರಿಕವಾದ ಒಂದು ಮಾತೂ ಇದೆ. ಶೋಧಕದ ಸುರುಳಿ ನೆಲದೊಳಕ್ಕೆ ಬದಲಾಗುವ ಕಾಂತಕ್ಷೇತ್ರವನ್ನು ಕಳಿಸುತ್ತದೆ. ಅದರಿಂದ ಲೋಹದಲ್ಲಿ ಸುಳಿಯುವ ವಿದ್ಯುತ್ತು ಹಿಂದಿರುಗಿಸುವ ಅಲೆಯನ್ನು ಯಂತ್ರ ಸದ್ದಾಗಿಸುತ್ತದೆ. ಜಂಬಿಟ್ಟಿಗೆಯ, ಕಬ್ಬಿಣಾಂಶ ತುಂಬಿದ ನಮ್ಮ ಕೆಂಪು ನೆಲವೇ ಯಂತ್ರಕ್ಕೆ ಲೋಹದಂತೆ ಕೇಳಿಸಿ ಗೊಂದಲ ಮಾಡುತ್ತದೆ. ಇದಕ್ಕೆ ಹೆದರಿ ಹವ್ಯಾಸಿಗಳು ಕಬ್ಬಿಣದ ಸದ್ದನ್ನೇ ಯಂತ್ರದಲ್ಲಿ ಅಡಗಿಸಿಬಿಡುತ್ತಾರೆ. ಹಾಗೆ ಮಾಡಿದರೆ ಬಾಣದ ಮೊನೆ, ಲಾಳ, ರಾಕೆಟ್ಟಿನ ಕೊಳವೆ ಎಲ್ಲವೂ ಕಿವಿಗೆ ಬೀಳದೆ ಹೋಗುತ್ತವೆ. ನಾಣ್ಯ ಹುಡುಕುವ ಅಭ್ಯಾಸ ರಣಭೂಮಿಗೆ ಸಲ್ಲುವುದಿಲ್ಲ.

ಮೇಷ್ಟ್ರಲ್ಲಿ ಒಂದು ವಿನಂತಿ. ಹವ್ಯಾಸಿಗಳೆಲ್ಲರನ್ನೂ ನಿಧಿಗಳ್ಳರ ಸಾಲಿಗೆ ಸೇರಿಸಬೇಡಿ. ಕ್ರಿ.ಶ. 9ರಲ್ಲಿ ಸೇನಾಪತಿ ವಾರಸ್‌ನ ಮೂರು ರೋಮನ್ ಸೇನಾದಳಗಳು ನಾಶವಾದ ಜಾಗವನ್ನು ಜರ್ಮನರು ಶತಮಾನಗಳ ಕಾಲ ಹುಡುಕಿದರು. ನಾಣ್ಯಗಳ ಆಧಾರದಿಂದ ಇತಿಹಾಸಕಾರ ಮಾಮ್ಸೆನ್ 1885ರಲ್ಲಿ ಕಾಲ್ಕ್ರೀಸ್ ಪ್ರದೇಶದತ್ತ ಬೊಟ್ಟು ಮಾಡಿದ್ದರೂ ಯಾರೂ ಮುಂದುವರಿದಿರಲಿಲ್ಲ. 1987ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಟೋನಿ ಕ್ಲನ್ ಎಂಬ ಹವ್ಯಾಸಿ, ಆ ಭಾಗದ ಪುರಾತತ್ವಾಧಿಕಾರಿ ವೋಲ್ಫ್‌ಗಾಂಗ್ ಶ್ಲ್ಯೂಟರ್ ಅವರ ಅನುಮತಿ ಪಡೆದ ಮೇಲೆಯೇ ಶೋಧಕ ಹಿಡಿದರು. 162 ಬೆಳ್ಳಿಯ ದಿನಾರಿಗಳು ಸಿಕ್ಕವು, ಮುಂದೆ ಮೂರು ಸೀಸದ ಕವಣೆಗುಂಡುಗಳೂ ಸಿಕ್ಕವು. ಸೈನ್ಯ ಅಲ್ಲಿತ್ತೆಂದು ತೋರಿಸಿಕೊಟ್ಟದ್ದು ನಾಣ್ಯಗಳಿಗಿಂತ ಆ ಮೂರು ಗುಂಡುಗಳೇ. ಎಲ್ಲವನ್ನೂ ಅವರು ಒಪ್ಪಿಸಿದರು, ಎಲ್ಲದರ ಜಾಗವನ್ನೂ ತೋರಿಸಿದರು. ಅನುಮತಿ ಮೊದಲು, ಶೋಧ ಆಮೇಲೆ. ಅಂಥವರ ಕೈಗೆ ಶೋಧಕ ಕೊಡಲು ಇಲಾಖೆಗಳೂ ಮುಂದಾಗಬೇಕು.

ನಗರದ ಮೇಷ್ಟ್ರು (ಹೊಸನಗರ ತಾಲ್ಲೂಕು)

ಇಲಾಖೆಯ ಕಣ್ಣೆದುರಿನಲ್ಲಿ, ಅದರ ನಕ್ಷೆಯ ಮೇಲೆ ನಡೆಯುವ ಕೆಲಸಕ್ಕೆ ನನ್ನ ವಿರೋಧವಿಲ್ಲ. ಹಾಗೇನಾದರೂ ನಡೆದರೆ, ಬಾವುಟ ನೆಡಲು ನಮ್ಮೂರಿನ ಹುಡುಗರನ್ನು ನಾನೇ ಕರೆತರುತ್ತೇನೆ.

ಹೊಲದಂಚು (ಲೆಸ್ಟರ್‌ಶೈರ್, ಇಂಗ್ಲೆಂಡ್)

ಐದು ವಾರಗಳ ನಂತರ ಬರೆಯುತ್ತಿದ್ದೇನೆ. ಎಲ್ಲರಿಗೂ ಕೃತಜ್ಞತೆಗಳು.

ಇಲ್ಲಿ ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್ ಎಂಬ ವ್ಯವಸ್ಥೆ 1997ರಿಂದ ಇದೆ. ಜನರಿಗೆ ಸಿಕ್ಕ ವಸ್ತುಗಳನ್ನು ದಾಖಲಿಸಲು ಆಯಾ ಪ್ರದೇಶಕ್ಕೆ ಒಬ್ಬ ಸಂಪರ್ಕಾಧಿಕಾರಿ ಇರುತ್ತಾರೆ. 1996ರ ಟ್ರೆಷರ್ ಆಕ್ಟ್ ಪ್ರಕಾರ ಚಿನ್ನ ಬೆಳ್ಳಿಯ ಹಳೆಯ ವಸ್ತು ಸಿಕ್ಕರೆ 14 ದಿನಗಳೊಳಗೆ ತಿಳಿಸುವುದು ಕಡ್ಡಾಯ. ಬಿಡಿ ಸೀಸದ ಗುಂಡಿಗೆ ಆ ಕಡ್ಡಾಯವಿಲ್ಲ. ರಣಭೂಮಿಯ ಮುಖ್ಯ ಸಾಕ್ಷಿಯೇ ಕಾನೂನಿನ ಜಾಲರಿಯಿಂದ ಸೋರಿಹೋಗುತ್ತಿದೆಯೆಂದು ನನಗೆ ಅರ್ಥವಾದದ್ದು ಈಗ. ತಕ್ಕಡಿಯವರು ಹೇಳಿದಂತೆ ಎಲ್ಲವನ್ನೂ ಬೇರೆ ಚೀಲಗಳಿಗೆ ಹಾಕಿ, ತೂಗಿ, ಸಂಖ್ಯೆ ಬರೆದು ಅಧಿಕಾರಿಯ ಬಳಿಗೆ ಒಯ್ದೆ. ಅವರು ಬೈಯಲಿಲ್ಲ. ಸಿಕ್ಕ ದಿನ ಫೋನಿನಲ್ಲಿ ಫೋಟೊ ತೆಗೆದಿದ್ದೀರಾ ಎಂದಷ್ಟೇ ಕೇಳಿದರು.

ಮಡದಿಗೆ ಕಳಿಸಲೆಂದು ಅಂಗೈ ಮೇಲಿಟ್ಟು ತೆಗೆದ ನಾಲ್ಕು ಚಿತ್ರಗಳು ಫೋನಿನಲ್ಲಿದ್ದವು. ಆ ಚಿತ್ರಗಳೊಳಗೆ ಅಕ್ಷಾಂಶ ರೇಖಾಂಶಗಳು ತಾವಾಗಿಯೇ ದಾಖಲಾಗಿದ್ದವು, ಕೆಲವು ಮೀಟರುಗಳ ಹೆಚ್ಚುಕಡಿಮೆಯೊಂದಿಗೆ. ಗುಂಡಿನ ಗೀರು ಮತ್ತು ಆಕಾರವನ್ನು ಚಿತ್ರದೊಡನೆ ಹೋಲಿಸಿ ಯಾವುದು ಯಾವುದೆಂದು ಗುರುತಿಸಲು ಒಂದು ಸಂಜೆ ಹಿಡಿಯಿತು. ನಕ್ಷೆಯ ಮೇಲೆ ನಾಲ್ಕು ಚುಕ್ಕಿಗಳನ್ನಿಟ್ಟಾಗ ಮೂರು ಹೊಲದ ಉತ್ತರದ ಬೇಲಿಯ ಬಳಿ, ಹಳೆಯ ಗಾಡಿದಾರಿಯ ಗುಂಟ ಬಂದವು. ಆ ಮೂರೂ 30 ಗ್ರಾಂ ದಾಟಿದವು. ಇಷ್ಟರಿಂದ ಏನನ್ನೂ ಹೇಳಲಾಗದೆಂದು ಅಧಿಕಾರಿ ಹೇಳಿದರು, ನಾನೂ ಒಪ್ಪಿದೆ. ಮುಂದಿನ ಕೊಯ್ಲಿನ ನಂತರ ಹತ್ತು ಮೀಟರಿಗೊಂದರಂತೆ ದಾರ ಎಳೆದು, ಸಾಲು ತಪ್ಪದೆ ನಡೆಯುವುದೆಂದೂ, ಏನೂ ಸಿಗದ ಸಾಲುಗಳನ್ನೂ ಬರೆದಿಡುವುದೆಂದೂ ರೈತರ ಜೊತೆ ಕುಳಿತು ಮಾತಾಡಿದ್ದೇವೆ.

ಉಳಿದ ಏಳು ಗುಂಡುಗಳ ಚೀಟಿಯಲ್ಲಿ ತೂಕವಿದೆ, ವ್ಯಾಸವಿದೆ, ಹೊಲದ ಹೆಸರಿದೆ. ಜಾಗದ ಸಾಲನ್ನು ಖಾಲಿ ಬಿಟ್ಟಿದ್ದೇನೆ.